ಅಡಿಕೆ ಸುಲಿತದ ಕಾಲದಲ್ಲಿ ಹಿಡಿದ ಮೊಣಕೈ ನೋವು

ಮೂರು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ, ಒಲೆಯ ಮೇಲಿದ್ದ ಹಾಲಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಇಳಿಸಲು ಹೋದಾಗ ನನ್ನ ಬಲ ಮೊಣಕೈಯ ಹೊರಮಗ್ಗುಲಿನಲ್ಲಿ ಚಳಕು ಹೊಡೆದಂತಾಗಿ, ಹಿಡಿತ ತಪ್ಪಿ, ಹಾಲೆಲ್ಲ ಕಟ್ಟೆಯ ಮೇಲೆ ಚೆಲ್ಲಿತು. ಅದಕ್ಕೂ ಎರಡು ವಾರ ಮೊದಲಿನಿಂದಲೇ ಅಲ್ಲೊಂದು ಮಂದ ನೋವಿತ್ತು. ಬಾಗಿಲ ಚಿಲಕ ತಿರುಗಿಸುವಾಗ, ಒದ್ದೆ ಬಟ್ಟೆ ಹಿಂಡುವಾಗ, ನೀರು ತುಂಬಿದ ತಂಬಿಗೆಯನ್ನು ಎತ್ತುವಾಗ ಅದು ತನ್ನ ಇರವನ್ನು ತೋರಿಸುತ್ತಿತ್ತು, ಆದರೆ ಕೆಲಸದ ಭರದಲ್ಲಿ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈ ನೋವು ಪೂರ್ತಿ ವಾಸಿಯಾಗಲು ಸುಮಾರು ಒಂದು ವರ್ಷ ಹಿಡಿಯಿತು. ಆ ಒಂದು ವರ್ಷದಲ್ಲಿ ಅರ್ಧದಷ್ಟು ಕಾಲ ನನ್ನ ತಪ್ಪು ತಿಳಿವಳಿಕೆಯಿಂದಲೇ ಕಳೆದುಹೋಯಿತು ಎಂಬ ಕಾರಣಕ್ಕೆ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು ಸಿದ್ದಾಪುರ ತಾಲ್ಲೂಕಿನ ಅಡಿಕೆ ತೋಟದ ಮನೆ. ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆಗಳ ಕೊಯ್ಲು, ಆರಂಭವಾದರೆ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸುವವರೆಗೆ ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಹಿಂದೆಲ್ಲ ಸುಲಿಯುವವರು ಹತ್ತಾರು ಮಂದಿ ಬಂದು ರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತಿರುತ್ತಿದ್ದರು. ಆ ವರ್ಷ ಜನ ಸಿಗಲಿಲ್ಲ. ಕೊಯ್ದ ಅಡಿಕೆ ಹಣ್ಣಾಗುವ ಮೊದಲು ಸುಲಿಯಲೇಬೇಕಾದ್ದರಿಂದ ನಾನೂ ಕುಳಿತೆ. ದಿನಕ್ಕೆ ಮೂರು ನಾಲ್ಕು ಗಂಟೆಗಳಂತೆ ಐದು ವಾರ ಸುಲಿದೆ. ಬೆರಳುಗಳಲ್ಲಿ ಕಾಯಿಯನ್ನು ಬಿಗಿಯಾಗಿ ಹಿಡಿದು, ಅಲಗಿಗೆ ಒತ್ತಿ, ಮಣಿಕಟ್ಟನ್ನು ತಿರುಗಿಸಿ ಸಿಪ್ಪೆ ಬಿಡಿಸುವ ಒಂದೇ ಚಲನೆ ಒಂದು ಸಂಜೆಯಲ್ಲಿ ಸಾವಿರಾರು ಸಲ ನಡೆಯುತ್ತದೆ. ಇದರ ಮೇಲೆ ಎರಡು ಹಸುಗಳ ಹಾಲು ಕರೆಯುವುದು, ಕಾಯಿ ತುರಿಯುವುದು, ಬಟ್ಟೆ ಒಗೆಯುವುದು ಎಂದಿನಂತೆ ಇದ್ದೇ ಇದ್ದವು. ಇಪ್ಪತ್ತು ವರ್ಷಗಳಿಂದ ಸುಲಿಯುತ್ತಿರುವ ಹೆಂಗಸರಿಗೆ ಬಾರದ ನೋವು ಐದು ವಾರಗಳಲ್ಲಿ ನನಗೇಕೆ ಬಂತು ಎಂದು ಆಗ ಆಶ್ಚರ್ಯವಾಗಿತ್ತು. ಈಗ ಯೋಚಿಸಿದರೆ ಕಾರಣ ಸ್ಪಷ್ಟವಾಗಿದೆ. ಅವರ ಕೈಗಳು ವರ್ಷದಿಂದ ವರ್ಷಕ್ಕೆ ಆ ಹೊರೆಗೆ ಹೊಂದಿಕೊಂಡಿದ್ದವು. ನನ್ನ ಕೈಗೆ ಆ ಹೊರೆ ಒಮ್ಮೆಲೇ ಬಿತ್ತು. ಹಾಗೆಂದು ಹಳಬರಿಗೆ ಈ ನೋವು ಬರುವುದೇ ಇಲ್ಲ ಎಂದಲ್ಲ. ಅವರಲ್ಲಿ ಹಲವರು ಅದನ್ನು ಹೇಳಿಕೊಳ್ಳದೆ, ಮೊಣಕೈಗೆ ಬಟ್ಟೆ ಸುತ್ತಿಕೊಂಡು ಸುಲಿಯುವುದನ್ನು ನಾನು ಕಂಡಿದ್ದೇನೆ.

ವೈದ್ಯರು ಇದಕ್ಕೆ ಹೇಳಿದ ಹೆಸರು ಟೆನಿಸ್ ಎಲ್ಬೋ. ಜೀವನದಲ್ಲಿ ಒಮ್ಮೆಯೂ ಟೆನಿಸ್ ರಾಕೆಟ್ ಹಿಡಿಯದವಳಿಗೆ ಆ ಹೆಸರು ಅರ್ಥವಾಗಲಿಲ್ಲ. ವಾಸ್ತವದಲ್ಲಿ ಈ ನೋವನ್ನು 1873ರಲ್ಲಿ ಮೊದಲು ವಿವರಿಸಿದ ಜರ್ಮನಿಯ ವೈದ್ಯ ಫರ್ಡಿನಾಂಡ್ ರುಂಗೆ ಅದನ್ನು ಬರವಣಿಗೆಯಿಂದ ಬರುವ ತೊಂದರೆ ಎಂದೇ ಗುರುತಿಸಿದ್ದರು. ಹತ್ತು ವರ್ಷಗಳ ಅನಂತರ, ಇಂಗ್ಲೆಂಡಿನಲ್ಲಿ ಲಾನ್ ಟೆನಿಸ್ ಆಟ ಹೊಸದಾಗಿ ಹಬ್ಬಿದ್ದ ದಿನಗಳಲ್ಲಿ, ಆಟಗಾರರಲ್ಲಿ ಇದು ಹೆಚ್ಚಾಗಿ ಕಂಡುಬಂದು ಟೆನಿಸ್ಸಿನ ಹೆಸರು ಅಂಟಿಕೊಂಡಿತು. ನಮ್ಮ ದೇಶದಲ್ಲಿ ಈ ಹೆಸರು ಮನೆಮಾತಾದದ್ದು ಸಚಿನ್ ತೆಂಡೂಲ್ಕರ್ ಅವರಿಂದ. 2004ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ ನಡೆದ ಟೆಸ್ಟ್ ಪಂದ್ಯವನ್ನು ಅವರು ಇದೇ ಕಾರಣಕ್ಕೆ ಆಡಲಿಲ್ಲ, ಮರುವರ್ಷ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆದರೆ ಈ ನೋವಿನಿಂದ ಬಳಲುವವರಲ್ಲಿ ಆಟಗಾರರ ಪಾಲು ಬಹಳ ಚಿಕ್ಕದು. ವಯಸ್ಕರಲ್ಲಿ ನೂರಕ್ಕೆ ಒಬ್ಬರಿಂದ ಮೂವರಿಗೆ ಇದು ಇರುತ್ತದೆ ಎಂಬುದು ಸಾಮಾನ್ಯ ಅಂದಾಜು. 35ರಿಂದ 55 ವರ್ಷದೊಳಗಿನ, ಕೈಯಿಂದ ದುಡಿಯುವ ಹೆಂಗಸರು ಗಂಡಸರೇ ಅವರಲ್ಲಿ ಹೆಚ್ಚು. ಬಡಗಿಗಳು, ಗಾರೆ ಕೆಲಸದವರು, ಅಡುಗೆಯವರು, ದಿನವಿಡೀ ಮೌಸ್ ಹಿಡಿಯುವ ಕಚೇರಿಯ ನೌಕರರು ಎಲ್ಲರೂ ಇದರಲ್ಲಿ ಸೇರಿದ್ದಾರೆ.

ನೋವು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಅರ್ಥ ಮಾಡಿಕೊಳ್ಳಲು ಒಂದು ಸಣ್ಣ ಪರೀಕ್ಷೆ ಸಾಕು. ಎಡಗೈಯ ಬೆರಳುಗಳನ್ನು ಬಲ ಮೊಣಕೈಯ ಸ್ವಲ್ಪ ಕೆಳಗೆ, ಹೊರಮಗ್ಗುಲಿನ ಮಾಂಸಖಂಡದ ಮೇಲಿಟ್ಟು, ಬಲಗೈಯ ಮುಷ್ಟಿಯನ್ನು ಬಿಗಿಯಾಗಿ ಹಿಡಿಯಿರಿ. ಬೆರಳುಗಳ ಕೆಳಗೆ ಆ ಮಾಂಸಖಂಡ ಗಟ್ಟಿಯಾಗುವುದು ತಿಳಿಯುತ್ತದೆ. ಇದು ನನಗೆ ನಿಜವಾಗಿಯೂ ಹೊಸ ವಿಷಯವಾಗಿತ್ತು. ಮುಷ್ಟಿ ಹಿಡಿಯುವ ಕೆಲಸ ಕೈಯ ಒಳಮಗ್ಗುಲಿನ ಸ್ನಾಯುಗಳದ್ದು ಎಂದು ನಾನು ಭಾವಿಸಿದ್ದೆ. ಅದು ಸರಿಯೇ, ಆದರೆ ಒಳಗಿನ ಸ್ನಾಯುಗಳು ಬೆರಳುಗಳನ್ನು ಎಳೆಯುವಾಗ ಮಣಿಕಟ್ಟು ಕೆಳಕ್ಕೆ ಮಡಚಿಕೊಳ್ಳದಂತೆ ಹಿಂದಿನಿಂದ ಹಿಡಿದು ನಿಲ್ಲಿಸುವ ಕೆಲಸವನ್ನು ಹೊರಮಗ್ಗುಲಿನ ಸ್ನಾಯುಗಳು ಮಾಡುತ್ತಿರುತ್ತವೆ. ಈ ಸ್ನಾಯುಗಳೆಲ್ಲ ಒಂದು ಗಟ್ಟಿಯಾದ ಸ್ನಾಯುರಜ್ಜುವಾಗಿ ಒಟ್ಟುಗೂಡಿ, ಮೊಣಕೈಯ ಹೊರಬದಿಯಲ್ಲಿ ಉಬ್ಬಿಕೊಂಡಿರುವ ಎಲುಬಿಗೆ ಅಂಟಿಕೊಂಡಿವೆ. ಅವುಗಳಲ್ಲಿ ಎಕ್ಸ್‌ಟೆನ್ಸರ್ ಕಾರ್ಪೈ ರೇಡಿಯಾಲಿಸ್ ಬ್ರೆವಿಸ್ ಎಂಬ ಸ್ನಾಯುವಿನ ಎಳೆಗಳೇ ಹೆಚ್ಚಾಗಿ ಹಾನಿಗೊಳ್ಳುವಂಥವು. ಹೀಗಾಗಿ ಯಾವುದೇ ವಸ್ತುವನ್ನು ಬಿಗಿಯಾಗಿ ಹಿಡಿದರೂ, ಅಂಗೈಯನ್ನು ನೆಲದ ಕಡೆಗೆ ಮಾಡಿ ಏನನ್ನೇ ಎತ್ತಿದರೂ ಅದರ ಜಗ್ಗು ಹೋಗಿ ಬೀಳುವುದು ಕೈಬೆರಳಿನಷ್ಟು ಅಗಲದ ಆ ಒಂದೇ ಜಾಗದ ಮೇಲೆ.

ನಾನು ಮಾಡಿದ ಮೊದಲ ತಪ್ಪು ಇದನ್ನು ಬಾವು ಎಂದು ತಿಳಿದದ್ದು. ಬಾವು ಆದರೆ ವಿಶ್ರಾಂತಿ ಕೊಟ್ಟು, ಬಾವು ಇಳಿಸುವ ಔಷಧಿ ತೆಗೆದುಕೊಂಡರೆ ಗುಣವಾಗಬೇಕು ಎಂಬ ತರ್ಕ ಅದರ ಹಿಂದಿತ್ತು. ಈ ನೋವಿನ ಹಳೆಯ ವೈದ್ಯಕೀಯ ಹೆಸರಿನಲ್ಲೂ ಉರಿಯೂತ, ಅಂದರೆ ಬಾವು, ಎಂಬ ಅರ್ಥವೇ ಇದೆ. ಆದರೆ 1979ರಲ್ಲಿ ನಿರ್ಶಲ್ ಮತ್ತು ಪೆಟ್ರೋನ್ ಎಂಬ ಅಮೆರಿಕದ ಶಸ್ತ್ರವೈದ್ಯರು, ಶಸ್ತ್ರಚಿಕಿತ್ಸೆಗೆ ಒಳಗಾದವರ ಸ್ನಾಯುರಜ್ಜುವಿನ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ ವರದಿ ಮಾಡಿದಾಗ, ಅಲ್ಲಿ ಕಂಡದ್ದು ಉರಿಯೂತಕ್ಕಿಂತ ಬೇರೆಯೇ ಆದ ಸ್ಥಿತಿ. ಆರೋಗ್ಯವಂತ ಸ್ನಾಯುರಜ್ಜುವಿನಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಚೆನ್ನಾಗಿ ಹೊಸೆದ ಹಗ್ಗದ ನಾರುಗಳಂತೆ ಒಂದರ ಪಕ್ಕ ಒಂದು ಒತ್ತಾಗಿ ಮಲಗಿರುತ್ತವೆ. ನೋವಿರುವ ಸ್ನಾಯುರಜ್ಜುವಿನಲ್ಲಿ ಆ ಎಳೆಗಳು ಕಲೆಸಿಹೋಗಿ, ಅವುಗಳ ನಡುವೆ ಕ್ರಮವಿಲ್ಲದೆ ಹೊಸ ಜೀವಕೋಶಗಳೂ ಸಣ್ಣ ರಕ್ತನಾಳಗಳೂ ತುಂಬಿಕೊಂಡಿರುತ್ತವೆ. ದಿನದಿನವೂ ಆಗುವ ಸಣ್ಣ ಸವೆತವನ್ನು ದುರಸ್ತಿ ಮಾಡುವ ಕೆಲಸ ಆರಂಭವಾಗಿ, ಮುಗಿಯದೆ ಅರ್ಧಕ್ಕೆ ನಿಂತಿರುವ ಸ್ಥಿತಿ ಇದು. ಆರಂಭದ ದಿನಗಳಲ್ಲಿ ಉರಿಯೂತದ ಪಾತ್ರ ಸ್ವಲ್ಪ ಇರಬಹುದು ಎಂಬ ಚರ್ಚೆ ತಜ್ಞರಲ್ಲಿದೆ, ಆದರೆ ತಿಂಗಳುಗಟ್ಟಲೆ ಉಳಿಯುವ ನೋವಿಗೆ ಮುಖ್ಯ ಕಾರಣ ಈ ಅಸ್ತವ್ಯಸ್ತ ಎಳೆಗಳೇ.

ಇಲ್ಲಿ ಹಗ್ಗದ ಹೋಲಿಕೆ ಒಂದು ಹಂತದವರೆಗೆ ಮಾತ್ರ ಸರಿ. ಬಾವಿಯ ಹಗ್ಗ ಸವೆದರೆ ಅದನ್ನು ಬಳಸದೆ ಇಟ್ಟರೆ ಇನ್ನಷ್ಟು ಸವೆಯುವುದಿಲ್ಲ. ಸ್ನಾಯುರಜ್ಜು ಜೀವವಿರುವ ಹಗ್ಗ. ಅದರ ಮೇಲೆ ತಕ್ಕಷ್ಟು ಜಗ್ಗು ಬಿದ್ದಾಗ ಮಾತ್ರ ಒಳಗಿನ ಜೀವಕೋಶಗಳು ಹೊಸ ಎಳೆಗಳನ್ನು ನೆಯ್ದು, ಜಗ್ಗಿನ ದಿಕ್ಕಿಗೆ ಸರಿಯಾಗಿ ಜೋಡಿಸುತ್ತವೆ. ಪೂರ್ತಿ ಕಟ್ಟಿ ಕೂರಿಸಿದ ಕೈಯಲ್ಲಿ ನೋವು ಕಡಿಮೆಯಾಗುತ್ತದೆ, ಶಕ್ತಿಯೂ ಕಡಿಮೆಯಾಗುತ್ತದೆ. ಮತ್ತೆ ಕೆಲಸಕ್ಕೆ ಇಳಿದ ದಿನ ಆ ದುರ್ಬಲ ಸ್ನಾಯುರಜ್ಜುವಿಗೆ ಹಳೆಯ ಹೊರೆಯೇ ಅತಿಯಾದ ಹೊರೆಯಾಗಿಬಿಡುತ್ತದೆ. ನನಗೆ ಆದದ್ದೂ ಅದೇ. ಜನವರಿ ಇಡೀ ಬಲಗೈಯಲ್ಲಿ ಏನನ್ನೂ ಮಾಡದೆ ಉಳಿದೆ. ಅತ್ತೆಯವರು ದಿನಾ ರಾತ್ರಿ ಬಿಸಿ ಎಣ್ಣೆ ಹಚ್ಚಿ ನೀವುತ್ತಿದ್ದರು. ಆ ಬೆಚ್ಚಗಿನ ನೀವಿಕೆ ನಿದ್ದೆಗೆ ಸಹಾಯ ಮಾಡಿತು, ಅದರ ಋಣ ನನಗಿದೆ. ಆದರೆ ನೋವಿರುವ ಎಲುಬಿನ ತುದಿಯನ್ನೇ ಹೆಬ್ಬೆರಳಿನಿಂದ ಬಲವಾಗಿ ಒತ್ತಿದ ಮರುದಿನಗಳಲ್ಲಿ ನೋವು ಹೆಚ್ಚಾಗುತ್ತಿದ್ದುದನ್ನೂ ಗಮನಿಸಿದೆ. ಮೃದುವಾಗಿ ಮಾಂಸಖಂಡವನ್ನು ನೀವುವುದಕ್ಕೂ ಎಲುಬಿನ ಮೇಲೆ ಒತ್ತುವುದಕ್ಕೂ ಇರುವ ವ್ಯತ್ಯಾಸವನ್ನು ಮನೆಯವರಿಗೆ ಹೇಳಬೇಕು.

ಎರಡನೆಯ ತಪ್ಪು ಹೆಚ್ಚು ದುಬಾರಿಯಾಯಿತು. ಫೆಬ್ರವರಿಯಲ್ಲಿ ಪೇಟೆಯ ಒಂದು ಆಸ್ಪತ್ರೆಯಲ್ಲಿ ಮೊಣಕೈಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡೆ. ಎರಡೇ ದಿನಗಳಲ್ಲಿ ನೋವು ಮಾಯವಾಯಿತು, ಸಂತೋಷದಿಂದ ಎಲ್ಲ ಕೆಲಸಗಳನ್ನೂ ಮತ್ತೆ ಕೈಗೆತ್ತಿಕೊಂಡೆ, ಏಪ್ರಿಲ್ ಮುಗಿಯುವ ಹೊತ್ತಿಗೆ ನೋವು ಮೊದಲಿಗಿಂತ ಜೋರಾಗಿ ಮರಳಿತು. ಇದು ನನ್ನೊಬ್ಬಳ ದುರದೃಷ್ಟವಲ್ಲ ಎಂಬುದು ಅನಂತರ ತಿಳಿಯಿತು. 2013ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 165 ಮಂದಿಯ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಸ್ಟೀರಾಯ್ಡ್ ಪಡೆದವರಿಗೆ ಮೊದಲ ನಾಲ್ಕು ವಾರಗಳಲ್ಲಿ ಒಳ್ಳೆಯ ಆರಾಮ ಸಿಕ್ಕಿತ್ತು, ಆದರೆ ವರ್ಷದೊಳಗೆ ಅವರಲ್ಲಿ ಶೇಕಡ 54ರಷ್ಟು ಜನರಿಗೆ ನೋವು ಮರುಕಳಿಸಿತ್ತು. ಬರಿಯ ಉಪ್ಪುನೀರಿನ ಇಂಜೆಕ್ಷನ್ ಪಡೆದವರಲ್ಲಿ ಹೀಗೆ ಮರುಕಳಿಸಿದ್ದು ಶೇಕಡ 12ರಷ್ಟು ಜನರಿಗೆ ಮಾತ್ರ. ಅದಕ್ಕೂ ಮೊದಲು, 2006ರಲ್ಲಿ, ಅದೇ ದೇಶದಲ್ಲಿ 198 ಮಂದಿಯ ಮೇಲೆ ನಡೆದ ಅಧ್ಯಯನದಲ್ಲೂ ಇಂಜೆಕ್ಷನ್ ಪಡೆದವರಲ್ಲಿ ಶೇಕಡ 72ರಷ್ಟು ಜನರಿಗೆ ನೋವು ಮರಳಿತ್ತು. ಇಷ್ಟೆಲ್ಲ ತಿಳಿದ ಮೇಲೂ ಮೊದಲ ಭೇಟಿಯಲ್ಲಿಯೇ ಇಂಜೆಕ್ಷನ್ ಕೊಡುವ ರೂಢಿ ಮುಂದುವರಿದಿರುವುದು ನನಗೆ ಬೇಸರ ತರಿಸುತ್ತದೆ. ನಾಳೆಯೇ ಕೂಲಿಗೆ ಹೋಗಬೇಕಾದವರು ಎರಡೇ ದಿನಗಳಲ್ಲಿ ಸಿಗುವ ಆರಾಮವನ್ನು ಆರಿಸಿಕೊಂಡರೆ ಅವರನ್ನು ದೂರುವಂತಿಲ್ಲ. ಆದರೆ ಆರು ತಿಂಗಳ ಅನಂತರ ಏನಾಗಬಹುದು ಎಂಬುದನ್ನು ಅವರಿಗೆ ಮೊದಲೇ ಹೇಳುವುದು ನ್ಯಾಯ.

ಅದೇ 2006ರ ಅಧ್ಯಯನದ ಇನ್ನೊಂದು ಅಂಶವನ್ನೂ ಮುಚ್ಚಿಡದೆ ಹೇಳಬೇಕು. ಒಂದು ವರ್ಷದ ಕೊನೆಯಲ್ಲಿ ಫಿಸಿಯೋಥೆರಪಿ ಪಡೆದವರಿಗೂ, ಕೇವಲ ಸಲಹೆ ಪಡೆದು ಕಾದವರಿಗೂ ಹೆಚ್ಚಿನ ವ್ಯತ್ಯಾಸ ಇರಲಿಲ್ಲ, ಎರಡೂ ಗುಂಪಿನ ಬಹುಪಾಲು ಜನ ಸುಧಾರಿಸಿದ್ದರು. ಈ ನೋವು ತಾನಾಗಿ ವಾಸಿಯಾಗುವ ಸ್ವಭಾವದ್ದು ಎಂಬುದು ದೊಡ್ಡ ಸಮಾಧಾನ. ಹಾಗಾದರೆ ವ್ಯಾಯಾಮ ಏಕೆ ಬೇಕು ಎಂದರೆ, ಮೊದಲ ಆರು ವಾರಗಳ ಹೊತ್ತಿಗೆ ವ್ಯಾಯಾಮ ಸೇರಿದ ಫಿಸಿಯೋಥೆರಪಿ ಪಡೆದವರು ಕಾದವರಿಗಿಂತ ಮುಂದಿದ್ದರು, ಮಾತ್ರೆ ಮುಂತಾದ ಬೇರೆ ಚಿಕಿತ್ಸೆಗಳ ಮೊರೆ ಹೋಗುವುದೂ ಅವರಲ್ಲಿ ಕಡಿಮೆಯಿತ್ತು. ಕೈಯಿಂದಲೇ ದುಡಿಯುವವರಿಗೆ ಒಂದು ವರ್ಷ ಕಾಯುವುದು ಸಣ್ಣ ಮಾತಲ್ಲ.

ಜೂನ್ ತಿಂಗಳಲ್ಲಿ ನಾನು ಭೇಟಿಯಾದ ಫಿಸಿಯೋಥೆರಪಿಸ್ಟ್ ಎಕ್ಸ್‌ರೇ ಕೇಳಲಿಲ್ಲ. ಎಲುಬಿನ ತುದಿಯ ಸ್ವಲ್ಪ ಮುಂದೆ ಒತ್ತಿ ನೋಡಿದರು. ಮೊಣಕೈಯನ್ನು ನೇರ ಮಾಡಿ, ಮಣಿಕಟ್ಟನ್ನು ಮೇಲಕ್ಕೆತ್ತಲು ಹೇಳಿ ತಾವು ಕೆಳಕ್ಕೆ ಒತ್ತಿದರು. ಅನಂತರ ನಡುಬೆರಳೊಂದನ್ನೇ ಎತ್ತಿ ಹಿಡಿಯಲು ಹೇಳಿ ಅದನ್ನೂ ಒತ್ತಿದರು. ಮೂರೂ ಸಲ ಒಂದೇ ಜಾಗದಲ್ಲಿ ನೋವು ಬಂದದ್ದರಿಂದ ಅವರಿಗೆ ಸಂದೇಹ ಉಳಿಯಲಿಲ್ಲ. ಕುತ್ತಿಗೆಯನ್ನು ಎಲ್ಲ ಕಡೆಗೂ ತಿರುಗಿಸಿ ನೋಡಿದ್ದು ಏಕೆಂದು ಕೇಳಿದೆ. ಕುತ್ತಿಗೆಯಲ್ಲಿ ನರ ಒತ್ತಿದಾಗಲೂ ಮೊಣಕೈಯ ಹೊರಗೆ ನೋವು ಬರುವುದುಂಟು, ಅದರ ಚಿಕಿತ್ಸೆ ಬೇರೆ ಎಂದರು.

ಅವರು ಹೇಳಿಕೊಟ್ಟ ವ್ಯಾಯಾಮಕ್ಕೆ ಯಾವ ಉಪಕರಣವೂ ಬೇಕಾಗಲಿಲ್ಲ. ಮುಂಗೈಯನ್ನು ಮೇಜಿನ ಮೇಲೆ ಒರಗಿಸಿ, ಅಂಗೈ ಕೆಳಮುಖವಾಗಿರುವಂತೆ ಕೈಯನ್ನು ಮೇಜಿನ ಅಂಚಿನಿಂದ ಆಚೆ ಚಾಚಬೇಕು. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದರೆ ಅರ್ಧ ಕಿಲೋ ಭಾರವಾಯಿತು. ಮೊದಲ ಎರಡು ವಾರ ಮಣಿಕಟ್ಟನ್ನು ಮೇಲೆ ಕೆಳಗೆ ಆಡಿಸದೆ, ನೇರವಾಗಿ 30ರಿಂದ 45 ಸೆಕೆಂಡುಗಳ ಕಾಲ ಹಿಡಿದು ನಿಲ್ಲಿಸುವುದಷ್ಟೇ ಕೆಲಸ, ನಡುವೆ ಒಂದೆರಡು ನಿಮಿಷ ಬಿಡುವು ಕೊಟ್ಟು ಐದು ಸಲ. ಚಲನೆಯಿಲ್ಲದ ಈ ಹಿಡಿತ ನೋವನ್ನು ಹೆಚ್ಚು ಕೆದಕದೆ ಸ್ನಾಯುವಿಗೆ ಕೆಲಸ ಕೊಡುತ್ತದೆ. ಮೂರನೆಯ ವಾರದಿಂದ ಎಡಗೈಯ ಸಹಾಯದಿಂದ ಮಣಿಕಟ್ಟನ್ನು ಮೇಲಕ್ಕೆತ್ತಿ, ಎಡಗೈ ಬಿಟ್ಟು, ನಾಲ್ಕು ಎಣಿಸುವಷ್ಟು ಕಾಲ ನಿಧಾನವಾಗಿ ಕೆಳಕ್ಕೆ ಇಳಿಸುವ ವ್ಯಾಯಾಮ ಆರಂಭವಾಯಿತು. ಹತ್ತು ಸಲ ಇಳಿಸಿದರೆ ಒಂದು ಸುತ್ತು, ದಿನಕ್ಕೆ ಮೂರು ಸುತ್ತು. ಭಾರ ಇಳಿಸುವಾಗ ಸ್ನಾಯು ಉದ್ದವಾಗುತ್ತಲೇ ಜಗ್ಗನ್ನು ತಡೆಯುತ್ತದೆ, ಸ್ನಾಯುರಜ್ಜುವಿಗೆ ಬೇಕಾದ ಕಸುವು ಇದರಿಂದ ಬರುತ್ತದೆ. ಎರಡು ತಿಂಗಳ ಅನಂತರ ಎಡಗೈಯ ಸಹಾಯವಿಲ್ಲದೆ ಎತ್ತುವುದು, ಇಳಿಸುವುದು ಎರಡೂ ಸಾಧ್ಯವಾದವು. ಬಾಟಲಿ ಹೋಗಿ ಒಂದು ಕಿಲೋ ಬೇಳೆಯ ಪೊಟ್ಟಣ ಬಂತು. ಅನಂತರ ಸುತ್ತಿಗೆಯ ಹಿಡಿಯ ತುದಿಯನ್ನು ಹಿಡಿದು, ಅಂಗೈಯನ್ನು ಮೇಲಕ್ಕೂ ಕೆಳಕ್ಕೂ ನಿಧಾನವಾಗಿ ಹೊರಳಿಸುವುದು ಸೇರಿತು, ಅಡಿಕೆ ಸುಲಿಯುವಾಗ ಕೈ ತಿರುಗುವುದೂ ಹೀಗೆಯೇ ಅಲ್ಲವೇ. ಭುಜಕ್ಕೂ ಒಂದೆರಡು ವ್ಯಾಯಾಮಗಳಿದ್ದವು. ಭುಜ ಸೋತರೆ ಮಣಿಕಟ್ಟೇ ಎಲ್ಲ ಕೆಲಸ ಮಾಡಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ನೋವನ್ನು ಅಳೆಯುವ ಒಂದು ಸರಳ ಕ್ರಮ. ನೋವೇ ಇಲ್ಲದ್ದಕ್ಕೆ ಸೊನ್ನೆ, ತಡೆಯಲಾರದ ನೋವಿಗೆ ಹತ್ತು ಎಂದಿಟ್ಟುಕೊಂಡರೆ, ವ್ಯಾಯಾಮದ ಹೊತ್ತಿನಲ್ಲಿ ಮೂರು ನಾಲ್ಕರವರೆಗೆ ನೋವು ಬಂದರೆ ಹೆದರಬೇಕಾಗಿಲ್ಲ. ಮರುದಿನ ಬೆಳಗ್ಗೆ ಅದು ಹಿಂದಿನ ದಿನದ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಭಾರವನ್ನೋ ಸುತ್ತುಗಳನ್ನೋ ಕಡಿಮೆ ಮಾಡಬೇಕು, ಪೂರ್ತಿ ನಿಲ್ಲಿಸಬಾರದು. ನೋವು ಬಂದರೆ ಒಳಗೆ ಏನೋ ಹರಿಯುತ್ತಿದೆ ಎಂಬ ಭಯದಲ್ಲಿ ಆರು ತಿಂಗಳು ಕಳೆದಿದ್ದ ನನಗೆ ಈ ಒಂದು ಮಾತು ಕೈಯನ್ನು ಮತ್ತೆ ಬಳಸುವ ಧೈರ್ಯ ಕೊಟ್ಟಿತು.

ವ್ಯಾಯಾಮದ ಜೊತೆಗೆ ದಿನನಿತ್ಯದ ಕೆಲಸದ ರೀತಿಯನ್ನೂ ಬದಲಾಯಿಸಿಕೊಂಡೆ. ಪಾತ್ರೆ, ಚೀಲ, ಕೊಡ ಯಾವುದೇ ಇರಲಿ, ಅಂಗೈ ಮೇಲ್ಮುಖವಾಗಿರುವಂತೆ, ಮೊಣಕೈ ಮಡಚಿ, ಮೈಗೆ ಹತ್ತಿರವಾಗಿ ಹಿಡಿದು ಎತ್ತಿದರೆ ಜಗ್ಗು ಹೊರಮಗ್ಗುಲಿನ ಸ್ನಾಯುವಿನಿಂದ ತೋಳಿನ ದೊಡ್ಡ ಸ್ನಾಯುವಿಗೆ ವರ್ಗವಾಗುತ್ತದೆ. ಕೈಚಾಚಿ, ಅಂಗೈ ಕೆಳಗೆ ಮಾಡಿ ಹಿಡಿದ ಒಂದು ಕಿಲೋ ಮೈಗೊತ್ತಿ ಹಿಡಿದ ಐದು ಕಿಲೋಗಿಂತ ಹೆಚ್ಚು ನೋವು ಕೊಡಬಲ್ಲದು. ಬಟ್ಟೆ ಹಿಂಡುವುದನ್ನು ಬಿಟ್ಟು, ನೀರು ಸೋರುವಂತೆ ತಂತಿಯ ಮೇಲೆ ಹಾಗೆಯೇ ಹಾಕತೊಡಗಿದೆ. ಕತ್ತಿ, ಸೌಟು, ಪೊರಕೆಯ ತೆಳುವಾದ ಹಿಡಿಗಳಿಗೆ ಹಳೆಯ ಬಟ್ಟೆ ಸುತ್ತಿ ದಪ್ಪ ಮಾಡಿದೆ, ಏಕೆಂದರೆ ಹಿಡಿ ತೆಳುವಾದಷ್ಟೂ ಬಿಗಿಯಾಗಿ ಹಿಡಿಯಬೇಕಾಗುತ್ತದೆ. ಒಂದು ಹಸುವಿನ ಹಾಲು ಕರೆಯುವ ಕೆಲಸವನ್ನು ಯಜಮಾನರು ವಹಿಸಿಕೊಂಡರು.

ಮೊಣಕೈ ಪಟ್ಟಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅದನ್ನು ನೋವಿರುವ ಎಲುಬಿನ ಮೇಲಲ್ಲ, ಎರಡು ಬೆರಳಿನಷ್ಟು ಕೆಳಗೆ, ಮಾಂಸಖಂಡದ ಮೇಲೆ ಕಟ್ಟಬೇಕು, ಕೆಲಸದ ಹೊತ್ತಿನಲ್ಲಿ ಮಾತ್ರ. ಕೆಲವರಿಗೆ ಅದರಿಂದ ಹಿಡಿತದ ನೋವು ತಗ್ಗುತ್ತದೆ. ಕೈ ಜೋಮು ಹಿಡಿದರೆ ಸಡಿಲಿಸಬೇಕು. ನೋವಿನ ಮುಲಾಮು ಕೆಲವು ದಿನಗಳ ಆರಾಮಕ್ಕೆ ಸರಿ. ಮಾತ್ರೆಗಳನ್ನು ವಾರಗಟ್ಟಲೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಈಚೆಗೆ ಪಿಆರ್‌ಪಿ ಎಂಬ, ನಮ್ಮದೇ ರಕ್ತದಿಂದ ಬೇರ್ಪಡಿಸಿದ ದ್ರವದ ಇಂಜೆಕ್ಷನ್ನಿಗೆ ಸಾವಿರಾರು ರೂಪಾಯಿ ಕೇಳುತ್ತಾರೆ. 2021ರಲ್ಲಿ ಪ್ರಕಟವಾದ ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಪರಾಮರ್ಶೆ, ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಅದರಿಂದ ಗಮನಾರ್ಹ ಲಾಭ ಬಹುಶಃ ಇಲ್ಲ ಎಂದಿದೆ. ಶಸ್ತ್ರಚಿಕಿತ್ಸೆಯ ಮಾತು ಬರುವುದು ಆರರಿಂದ ಹನ್ನೆರಡು ತಿಂಗಳ ಸರಿಯಾದ ಪ್ರಯತ್ನದ ಅನಂತರವೂ ಸುಧಾರಿಸದ ಕೆಲವೇ ಕೆಲವರಿಗೆ.

ಮೊಣಕೈಯ ನೋವೆಲ್ಲ ಇದೇ ಅಲ್ಲ ಎಂಬುದನ್ನು ಒತ್ತಿ ಹೇಳಬೇಕು. ನೋವು ಒಳಮಗ್ಗುಲಿನ ಎಲುಬಿನ ಬಳಿ ಇದ್ದರೆ ಅದು ಗಾಲ್ಫರ್ಸ್ ಎಲ್ಬೋ ಎಂದು ಕರೆಯುವ, ಮಣಿಕಟ್ಟನ್ನು ಮಡಚುವ ಸ್ನಾಯುಗಳ ತೊಂದರೆ ಇರಬಹುದು. ಅದಕ್ಕೂ ಇದೇ ಬಗೆಯ ವ್ಯಾಯಾಮಗಳನ್ನು ಅಂಗೈ ಮೇಲ್ಮುಖವಾಗಿಟ್ಟು ಮಾಡಿಸುತ್ತಾರೆ. ಕಿರುಬೆರಳು, ಉಂಗುರ ಬೆರಳುಗಳಲ್ಲಿ ಜೋಮು ಇದ್ದರೆ ನರದ ತೊಂದರೆಯನ್ನು ನೋಡಬೇಕು. ಬಿದ್ದು ಪೆಟ್ಟಾಗಿ ಕೈ ನೇರ ಮಾಡಲಾಗದಿದ್ದರೆ, ಕೀಲು ಕೆಂಪಾಗಿ ಊದಿ ಜ್ವರ ಬಂದರೆ, ಕೈ ಅರ್ಧದಲ್ಲೇ ಸಿಕ್ಕಿಕೊಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಎಡಗೈಯ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಇದ್ದರೆ ಅದು ಮೊಣಕೈಯ ವಿಷಯವೇ ಅಲ್ಲ, ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.

ಜೂನ್‌ನಲ್ಲಿ ಆರಂಭಿಸಿದ ವ್ಯಾಯಾಮದಿಂದ ಮೊದಲ ಐದು ವಾರ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆಗಸ್ಟ್‌ನಲ್ಲಿ ಇಕ್ಕಳ ಹಿಡಿಯಲು ಸಾಧ್ಯವಾಯಿತು. ನವೆಂಬರ್ ಬರುವಷ್ಟರಲ್ಲಿ, ಹೆಚ್ಚು ದುಡಿದ ದಿನದ ರಾತ್ರಿ ಮಾತ್ರ ಸಣ್ಣದೊಂದು ನೆನಪಿನಂತೆ ನೋವು ಉಳಿದಿತ್ತು, ಕ್ರಮೇಣ ಅದೂ ಹೋಯಿತು. ಈಗ ಕೊಯ್ಲಿಗೆ ಎರಡು ತಿಂಗಳು ಮೊದಲೇ, ಅಂದರೆ ನವರಾತ್ರಿಯ ಹೊತ್ತಿಗೆ, ಎರಡು ಕಿಲೋ ಭಾರದೊಂದಿಗೆ ವಾರಕ್ಕೆ ಮೂರು ದಿನ ವ್ಯಾಯಾಮ ಶುರು ಮಾಡುತ್ತೇನೆ. ಸುಲಿತದ ಮೊದಲ ವಾರ ದಿನಕ್ಕೆ ಅರ್ಧ ಗಂಟೆ, ಎರಡನೆಯ ವಾರ ಒಂದು ಗಂಟೆ, ಅದಕ್ಕಿಂತ ಹೆಚ್ಚಿಗೆ ಕೂರುವುದಿಲ್ಲ. ಉಳಿದದ್ದಕ್ಕೆ ಸುಲಿಯುವ ಯಂತ್ರವನ್ನು ಬಾಡಿಗೆಗೆ ತರಿಸುತ್ತೇವೆ. ಕಳೆದ ವರ್ಷ ಆಚೆಮನೆಯ ಅತ್ತಿಗೆಗೂ ಇದೇ ನೋವು ಕಾಣಿಸಿಕೊಂಡಾಗ ನಾನು ಅರ್ಧ ಲೀಟರಿನ ಬಾಟಲಿಯನ್ನು ತೆಗೆದುಕೊಂಡು ಅವರ ಮನೆಗೆ ಹೋದೆ. ಅವರು ಎರಡನೆಯ ವಾರದಲ್ಲೇ ಆರಂಭಿಸಿದ್ದರಿಂದ ಮೂರು ತಿಂಗಳಲ್ಲಿ ಮತ್ತೆ ಹಾಲು ಕರೆಯುತ್ತಿದ್ದರು.